ಎದುರಾಳಿಯ ಲೆಕ್ಕದಿಂದಲೇ ಸತ್ಯ ತೆಗೆದ ಐಡಾ ವೆಲ್ಸ್

ಪುಲಿಟ್ಜರ್ ಪ್ರಶಸ್ತಿಯ ಹೆಸರು ನೀವೆಲ್ಲ ಕೇಳಿಯೇ ಇರುತ್ತೀರಿ. 2020ರಲ್ಲಿ ಆ ಮಂಡಳಿ ಒಬ್ಬ ವರದಿಗಾರ್ತಿಗೆ ವಿಶೇಷ ಗೌರವ ಘೋಷಿಸಿತು. ಅವರು ತೀರಿಕೊಂಡು ಆಗಲೇ 89 ವರ್ಷ ಕಳೆದಿತ್ತು! ಅವರೇ ಐಡಾ ಬಿ. ವೆಲ್ಸ್.

1862ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹಾಲಿ ಸ್ಪ್ರಿಂಗ್ಸ್‌ನಲ್ಲಿ, ಗುಲಾಮ ದಂಪತಿಗಳ ಮಗಳಾಗಿ ಹುಟ್ಟಿದವರು. 16ನೇ ವಯಸ್ಸಿಗೇ ಹಳದಿ ಜ್ವರಕ್ಕೆ ಅಪ್ಪ ಅಮ್ಮ ಇಬ್ಬರೂ ಬಲಿಯಾದರು. ತಮ್ಮ ತಂಗಿಯರನ್ನು ಸಾಕಲು ಶಾಲೆಯಲ್ಲಿ ಪಾಠ ಹೇಳಿದರು. ಟೆನೆಸ್ಸಿಯ ಮೆಂಫಿಸ್ ನಗರಕ್ಕೆ ಬಂದ ಮೇಲೆ, ಹೆಂಗಸರ ಬೋಗಿಯಿಂದ ತಮ್ಮನ್ನು ಹೊರದಬ್ಬಿದ ರೈಲು ಕಂಪನಿಯ ಮೇಲೆ ಕೇಸು ಹಾಕಿ, 1884ರಲ್ಲಿ 500 ಡಾಲರ್ ಪರಿಹಾರ ಗೆದ್ದರು. 1887ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿತು. ಮುಂದೆ 'ಫ್ರೀ ಸ್ಪೀಚ್' ಪತ್ರಿಕೆಯ ಪಾಲುದಾರರಾದರು.

1892ರ ಮಾರ್ಚ್‌ನಲ್ಲಿ ಐಡಾರ ಗೆಳೆಯ, ಪೋಸ್ಟ್‌ಮ್ಯಾನ್ ಥಾಮಸ್ ಮಾಸ್ ಹಾಗೂ ಇನ್ನಿಬ್ಬರನ್ನು ಬಿಳಿಯರ ಗುಂಪು ಜೈಲಿನಿಂದ ಎಳೆದೊಯ್ದು ಗುಂಡಿಟ್ಟು ಕೊಂದಿತು. ಕಾರಣದ ಬೇರು ಎಲ್ಲಿತ್ತು ಗೊತ್ತೇ? ಈ ಮೂವರ 'ಪೀಪಲ್ಸ್ ಗ್ರೋಸರಿ' ಎಂಬ ದಿನಸಿ ಅಂಗಡಿ ಪಕ್ಕದ ಬಿಳಿಯ ಅಂಗಡಿಯವನ ವ್ಯಾಪಾರ ಕಸಿಯುತ್ತಿತ್ತು!

ಈ ಊರನ್ನೇ ಬಿಟ್ಟು ಹೊರಡಿ ಎಂದು ಐಡಾ ಬರೆದರು. ಕಪ್ಪು ಜನ ಸಾವಿರಾರು ಸಂಖ್ಯೆಯಲ್ಲಿ ಗುಳೆ ಹೊರಟರು. ಉಳಿದವರು ಟ್ರಾಮ್ ಹತ್ತುವುದನ್ನೇ ಬಿಟ್ಟರು. ಕೊನೆಗೆ ಟ್ರಾಮ್ ಕಂಪನಿಯ ಅಧಿಕಾರಿಗಳೇ ಪತ್ರಿಕೆಯ ಕಚೇರಿಗೆ ಬಂದು, ಪ್ರಯಾಣಿಕರಿಗೆ ಸ್ವಲ್ಪ ಹೇಳಿ ಎಂದು ಕೇಳಿಕೊಳ್ಳಬೇಕಾಯಿತು.

ಹೆಂಗಸರ ಮಾನ ಕಾಪಾಡಲು ಇಂಥ ಕೊಲೆಗಳು ನಡೆಯುತ್ತವೆ ಎಂದು ದಕ್ಷಿಣದ ಬಿಳಿಯರು ಹೇಳುತ್ತಿದ್ದರು. ಐಡಾ ಅದನ್ನು ನಂಬದೆ ಲೆಕ್ಕ ಹಾಕಿದರು. ಎಂಟು ವರ್ಷಗಳಲ್ಲಿ ಗುಂಪುಗಳಿಗೆ ಬಲಿಯಾದ 728 ಜನರಲ್ಲಿ ಅತ್ಯಾಚಾರದ ಆರೋಪವಾದರೂ ಇದ್ದದ್ದು ಮೂರನೇ ಒಂದು ಪಾಲಿನವರ ಮೇಲೆ ಮಾತ್ರ. ಆರೋಪ ಅಷ್ಟೇ, ವಿಚಾರಣೆಯಿಲ್ಲ, ರುಜುವಾತಿಲ್ಲ. 1895ರ 'ಎ ರೆಡ್ ರೆಕಾರ್ಡ್' ಪುಸ್ತಿಕೆಗೆ ಅಂಕಿಅಂಶ ತೆಗೆದುಕೊಂಡದ್ದು ಬಿಳಿಯರದ್ದೇ ಪತ್ರಿಕೆಯಾದ 'ಶಿಕಾಗೋ ಟ್ರಿಬ್ಯೂನ್'ನಿಂದ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ, ಎದುರು ಪಾರ್ಟಿಯ ಖಾತೆ ಪುಸ್ತಕದಿಂದಲೇ ಆಡಿಟ್ ಮಾಡಿದರು. ಉತ್ಪ್ರೇಕ್ಷೆ ಎನ್ನಲು ಯಾರಿಗೂ ಬಾಯಿಲ್ಲ!

ಇದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. 1892ರ ಮೇ ತಿಂಗಳಲ್ಲಿ, ಐಡಾ ಊರಲ್ಲಿಲ್ಲದಾಗ, ಅವರ ಪತ್ರಿಕಾ ಕಚೇರಿ ಧ್ವಂಸವಾಯಿತು. ತಿರುಗಿ ಬಂದರೆ ಕೊಲ್ಲುತ್ತೇವೆಂಬ ಬೆದರಿಕೆ ಬೇರೆ. ಮೆಂಫಿಸ್‌ನ ಋಣ ತೀರಿತು. ಮುಂದೆ ಶಿಕಾಗೋದಲ್ಲಿ ನೆಲೆಸಿ, ಮದುವೆಯಾಗಿ, ಮಕ್ಕಳನ್ನು ಬೆಳೆಸುತ್ತಲೇ ಬರೆದರು. 1931ರಲ್ಲಿ ತೀರಿಕೊಂಡರು.

ಇಂಥ ಕೊಲೆಗಳ ವಿರುದ್ಧ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬೇಕೆಂದು 1898ರಲ್ಲಿ ಅಧ್ಯಕ್ಷ ಮೆಕಿನ್ಲಿಯವರ ಬಳಿಯೇ ಐಡಾ ಕೇಳಿದ್ದರು. ಅದು ಬಂದದ್ದು 2022ರಲ್ಲಿ. 2025ರಲ್ಲಿ ಅವರ ಚಿತ್ರ ಅಮೆರಿಕದ 25 ಸೆಂಟ್ ನಾಣ್ಯದ ಮೇಲೂ ಬಂತು. ಅಂದು 500 ಡಾಲರ್ ಕೈತಪ್ಪಿಸಿದ ದೇಶ ಇಷ್ಟಾದರೂ ಮಾಡಿತಲ್ಲ, ಸಂತೋಷ. ಆದರೆ ಆ 728 ಜನರ ಲೆಕ್ಕ ಯಾವ ನಾಣ್ಯದಿಂದಲೂ ಚುಕ್ತಾ ಆಗುವಂಥದ್ದಲ್ಲ.