ಅಮೀರಬಾಯಿ ಕರ್ನಾಟಕಿಯ ದನಿ ಮತ್ತು 1943ರ ‘ಕಿಸ್ಮತ್’

ಸಿನಿಮಾದ ಮೃದುಶಕ್ತಿಯ ಮಾತು ಬಂದಾಗ ಮೊದಲು ನೆನಪಾಗುವುದು ರಾಜ್ ಕಪೂರ್. 1951ರ ‘ಆವಾರಾ’ 1954ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ತೆರೆ ಕಂಡು ಅಲ್ಲಿಯ ಜನರ ಮನಸ್ಸನ್ನು ಗೆದ್ದಿತು. ಬೆದರಿಸದೆ, ಹಣ ತೆರದೆ, ಆಕರ್ಷಣೆಯಿಂದಲೇ ಇತರರನ್ನು ಒಲಿಸಿಕೊಳ್ಳುವ ಈ ಬಲವನ್ನು 1990ರಲ್ಲಿ ಸಿದ್ಧಾಂತವಾಗಿ ಮುಂದಿಟ್ಟ ವಿದ್ವಾಂಸ ಜೋಸೆಫ್ ನೈ ಅವರ ಗಮನ ಮುಖ್ಯವಾಗಿ ರಾಷ್ಟ್ರಗಳ ಮೇಲಿತ್ತು. ವಿಜಯಪುರ ಸೀಮೆಯ ನಿದರ್ಶನ ಬೇರೆಯದು. ಇಲ್ಲಿ ಆ ಬಲ ಆಳುವವರ ವಿರುದ್ಧವೇ ಕೆಲಸ ಮಾಡಿತು.

ಆ ನಿದರ್ಶನ ಗಾಯಕಿ ಅಮೀರಬಾಯಿ ಕರ್ನಾಟಕಿಯವರದು. ಅವರು ಹುಟ್ಟಿದ ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ; 1997ರವರೆಗೂ ಅದು ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಲ್ಲಿತ್ತು, ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಡುವ ಪ್ರತಿಭೆಗೆ ಅಂದು ಮುಂಬಯಿಯ ದಾರಿ ಹತ್ತಿರವಾಗಿತ್ತು. ಅಕ್ಕ ಗೋಹರಬಾಯಿಯೂ ‘ಕರ್ನಾಟಕಿ’ ಎಂದೇ ಹೆಸರಾದವರು.

1943ರಲ್ಲಿ ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಚಿತ್ರ ಬಂತು. ಅದರಲ್ಲಿ ಪರಕೀಯರಿಗೆ ದೂರ ಸರಿಯಿರಿ ಎಂದು ಹೇಳುವ ಗೀತೆಯೊಂದಿದೆ. ಬರೆದವರು ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್ ಅವರದು, ಹಾಡಿದವರು ಅಮೀರಬಾಯಿ ಮತ್ತು ಖಾನ್ ಮಸ್ತಾನಾ. ಸಾಹಿತ್ಯದಲ್ಲಿ ಜರ್ಮನಿ, ಜಪಾನುಗಳ ಹೆಸರಿದ್ದುದರಿಂದ ಸೆನ್ಸಾರಿನವರಿಗೆ ಅದು ಮಹಾಯುದ್ಧದ ಪ್ರಚಾರಗೀತೆಯಂತೆ ಕಂಡಿತು. ಪ್ರೇಕ್ಷಕರು ಕೇಳಿಸಿಕೊಂಡದ್ದೇ ಬೇರೆ. 1942ರ ಆಗಸ್ಟ್‌ನಲ್ಲಿ ಗಾಂಧೀಜಿ ಮೊದಲಾದ ನಾಯಕರು ಸೆರೆಮನೆ ಸೇರಿದ್ದರು, ಸಭೆಗಳಿಗೆ ನಿರ್ಬಂಧವಿತ್ತು. ಜನ ಟಿಕೆಟ್ ಕೊಂಡು ಪೊಲೀಸರ ಅಡ್ಡಿಯಿಲ್ಲದೆ ಒಟ್ಟಾಗಿ ಕೂರಬಹುದಾಗಿದ್ದ ಜಾಗ ಟಾಕೀಸು. ಗೀತೆಯ ಬಲಕ್ಕೆ ಸಾಹಿತ್ಯದಷ್ಟೇ ಈ ಸನ್ನಿವೇಶವೂ ಕಾರಣವೆಂದು ನನ್ನ ತಿಳಿವಳಿಕೆ. ಸರ್ಕಾರ ಎಚ್ಚೆತ್ತಾಗ ಬಂಧನದ ಭೀತಿಯಿಂದ ಪ್ರದೀಪ್ ಭೂಗತರಾಗಬೇಕಾಯಿತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಅಷ್ಟು ಓಟಕ್ಕೆ ಅಶೋಕ್ ಕುಮಾರ್ ವಹಿಸಿದ ಕಳ್ಳನ ಪಾತ್ರದ ಮೋಹವೂ ಕಾರಣ. ಎಲ್ಲವನ್ನೂ ದೇಶಭಕ್ತಿಯ ಲೆಕ್ಕಕ್ಕೆ ಬರೆಯುವುದು ತಪ್ಪಾದೀತು.

ಆ ಗೀತೆಗೆ ತೆರೆಯ ಮೇಲೆ ತುಟಿಯಾಡಿಸಿದವರು ಮುಮ್ತಾಜ್ ಶಾಂತಿ. ತಾರೆಯರ ಪ್ರಭಾವವನ್ನು ಮುಖದಿಂದಲೇ ಅಳೆಯುವ ಅಧ್ಯಯನಗಳು ಇಂಥಲ್ಲಿ ಎಡವುತ್ತವೆ. ಇಲ್ಲಿ ಜನರನ್ನು ಕದಲಿಸಿದ್ದು ದನಿ. ಇದಕ್ಕೆ ಮೊದಲೇ, 1940ರ ‘ನರಸಿ ಭಗತ್’ ಚಿತ್ರದ ಕಾಲದಲ್ಲಿ, ಗಾಂಧೀಜಿಗೆ ಪ್ರಿಯವಾದ ನರಸಿ ಮೆಹ್ತಾರ ವೈಷ್ಣವ ಭಜನೆಯೂ ಅಮೀರಬಾಯಿಯ ಕಂಠದಿಂದ ಮನೆಮಾತಾಗಿತ್ತು. ಬೀಳಗಿಯ ಮುಸ್ಲಿಂ ಹೆಣ್ಣುಮಗಳೊಬ್ಬಳು ಗುಜರಾತಿ ಸಂತನ ಪದವನ್ನು ದೇಶಕ್ಕೆಲ್ಲ ಕೇಳಿಸಿದ್ದು ಸಣ್ಣ ಸಂಗತಿಯಲ್ಲ. ಯಾವ ಸರ್ಕಾರವೂ ಯೋಜಿಸಿದ್ದಲ್ಲ ಅದು.

ಅಮೀರಬಾಯಿ 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಜೀವನವನ್ನು ಕನ್ನಡದಲ್ಲಿ ಬರೆದಿರುವುದು ದೊಡ್ಡ ಉಪಕಾರ. ವಿಜಯಪುರದಲ್ಲಿ ಅವರ ಹೆಸರನ್ನು ಅಮೀರ್ ಟಾಕೀಸ್ ಉಳಿಸಿತು. ಆದರೆ ಹಾಡುಗಳು ಉಳಿಯಬೇಕಾದದ್ದು ಅರಗಿನ ಪ್ಲೇಟುಗಳಲ್ಲಿ, ಅವು ಬಿದ್ದರೆ ಒಡೆಯುತ್ತವೆ. ವಿಜಯಪುರ ಸೀಮೆಯ ಇಬ್ರಾಹಿಂಪುರದಲ್ಲಾಗಲಿ, ತಿಕೋಟಾ, ಬಬಲೇಶ್ವರದ ಕಡೆಯಾಗಲಿ, ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಗ್ರಾಮಫೋನ್ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಲೇಬಲ್ಲಿನ ಮೇಲಿನ ಹೆಸರು, ಸಂಖ್ಯೆಗಳನ್ನು ಬರೆದಿಟ್ಟು, ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೆ ತೋರಿಸಿ.