ಮದರಾಸಿನಲ್ಲಿ ಹುಟ್ಟಿದ ಬೀಟಲ್

ಬೀಟಲ್ಸ್ ಎಂದೊಡನೆ ನೆನಪಿಗೆ ಬರುವುದು ನಾಲ್ಕು ಹೆಸರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. ಹ್ಯಾರಿಸನ್ ರವಿಶಂಕರ್ ಬಳಿ ಸಿತಾರ್ ಕಲಿತದ್ದು, 1968ರಲ್ಲಿ ನಾಲ್ವರೂ ಮಹರ್ಷಿ ಮಹೇಶ್ ಯೋಗಿಯ ಆಶ್ರಮವನ್ನು ಹುಡುಕಿಕೊಂಡು ಹೃಷೀಕೇಶಕ್ಕೆ ಬಂದದ್ದು ನಮ್ಮವರಿಗೂ ಗೊತ್ತಿರುವ ಸಂಗತಿ. ಆದರೆ ಈ ತಂಡದಲ್ಲಿ ಎರಡು ವರ್ಷ ಡ್ರಮ್ ಬಾರಿಸಿದ ಇನ್ನೊಬ್ಬನಿದ್ದ. ಆತ ಹುಟ್ಟಿದ್ದೇ ಭಾರತದಲ್ಲಿ. ಲಂಡನ್ನಿನ ಇಎಂಐ ಸಂಸ್ಥೆಯಿಂದ ತಂಡದ ಮೊದಲ ರೆಕಾರ್ಡು ಹೊರಬರಲು ಇನ್ನು ಏಳು ವಾರವಿದೆ ಎನ್ನುವಾಗ ಅವನನ್ನು ಕೈಬಿಡಲಾಯಿತು. ಅವನ ಹೆಸರು ಪೀಟ್ ಬೆಸ್ಟ್.

ಪೀಟ್ ಹುಟ್ಟಿದ್ದು 1941ರ ನವೆಂಬರ್ 24ರಂದು, ಮದರಾಸಿನಲ್ಲಿ. ತಾಯಿ ಮೋನಾ ಕೂಡ ದೆಹಲಿಯಲ್ಲಿ ಹುಟ್ಟಿದಾಕೆ. ಹಡಗಿನ ಎಂಜಿನಿಯರ್ ಆಗಿದ್ದ ತಂದೆ ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡ. ಮೋನಾ ಆಗ ಭಾರತದಲ್ಲಿ ಸೈನ್ಯದ ಅಧಿಕಾರಿಯಾಗಿದ್ದ ಲಿವರ್‌ಪೂಲಿನ ಜಾನಿ ಬೆಸ್ಟ್‌ನನ್ನು ಮದುವೆಯಾದಳು. 1945ರ ಕೊನೆಯಲ್ಲಿ ಸೈನಿಕರನ್ನು ಊರಿಗೆ ಕರೆದೊಯ್ಯುತ್ತಿದ್ದ ‘ಜಾರ್ಜಿಕ್’ ಹಡಗಿನಲ್ಲಿ ಸಂಸಾರ ಇಂಗ್ಲೆಂಡಿಗೆ ಹೊರಟಿತು. ಪೀಟ್‌ಗೆ ಆಗ ನಾಲ್ಕು ವರ್ಷ.

ಈ ಕಥೆಯಲ್ಲಿ ಮೋನಾಳದು ಚಿಕ್ಕ ಪಾತ್ರವಲ್ಲ. ಲಿವರ್‌ಪೂಲಿನ ಹೇಮನ್ಸ್ ಗ್ರೀನ್ ಎಂಬಲ್ಲಿ ಆಕೆ ಒಂದು ದೊಡ್ಡ ಹಳೆಯ ಮನೆ ಹಿಡಿದಳು. ಒಡವೆ ಗಿರವಿ ಇಟ್ಟು, 1954ರ ಡರ್ಬಿಯಲ್ಲಿ ‘ನೆವರ್ ಸೇ ಡೈ’ ಎಂಬ ಕುದುರೆಯ ಮೇಲೆ ಕಟ್ಟಿ ಗೆದ್ದ ಹಣದಿಂದ ಆ ಮನೆ ಬಂತು ಎಂಬುದು ಮನೆತನದವರ ಮಾತು. ಕುದುರೆ ಒಂದಕ್ಕೆ ಮೂವತ್ತಮೂರರ ದರದಲ್ಲಿ ಗೆದ್ದದ್ದಂತೂ ನಿಜ. ಮನೆಯ ನೆಲಮಾಳಿಗೆಯಲ್ಲಿ ಆಕೆ 1959ರ ಆಗಸ್ಟ್ 29ರಂದು ಹುಡುಗ ಹುಡುಗಿಯರಿಗಾಗಿ ‘ಕಾಸ್ಬಾ’ ಎಂಬ ಕಾಫಿ ಕ್ಲಬ್ ತೆರೆದಳು. ಗೋಡೆ, ಸೂರುಗಳಿಗೆ ಬಣ್ಣ ಬಳಿದವರಲ್ಲಿ ಲೆನನ್, ಮೆಕಾರ್ಟ್ನಿ ಸೇರಿದ್ದರು. ಮೊದಲ ರಾತ್ರಿ ಹಾಡಿದ್ದೂ ಅವರೇ. ತಂಡಕ್ಕೆ ಆಗ ‘ಕ್ವಾರಿಮೆನ್’ ಎಂದು ಹೆಸರು. ಡ್ರಮ್ ಬಾರಿಸುವವನೇ ಇರಲಿಲ್ಲ!

ಮರುವರ್ಷ ಜರ್ಮನಿಯ ಹ್ಯಾಂಬರ್ಗ್ ನಗರದ ಕ್ಲಬ್ಬಿನಿಂದ ಕರೆ ಬಂದಾಗ ಈ ಕೊರತೆ ದೊಡ್ಡದಾಯಿತು. ಪೀಟ್ ಅಷ್ಟರಲ್ಲಿ ಕಾಸ್ಬಾದಲ್ಲೇ ಬೇರೊಂದು ತಂಡದೊಂದಿಗೆ ಬಾರಿಸುತ್ತಿದ್ದ. ಅವನ ಬಳಿ ಸ್ವಂತ ಡ್ರಮ್ ಸೆಟ್ಟಿತ್ತು ಎಂಬುದೇ ಬಹುದೊಡ್ಡ ಅರ್ಹತೆ. 1960ರ ಆಗಸ್ಟ್ 12ರಂದು ಹೆಸರಿಗೊಂದು ಪರೀಕ್ಷೆ ನಡೆಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಎಲ್ಲರೂ ಹ್ಯಾಂಬರ್ಗಿನ ದಾರಿ ಹಿಡಿದಿದ್ದರು.

ಅಲ್ಲಿ ಅವರು ಮಲಗುತ್ತಿದ್ದುದು ಒಂದು ಸಿನಿಮಾ ಮಂದಿರದ ಹಿಂಭಾಗದ ಕತ್ತಲೆ ಕೋಣೆಗಳಲ್ಲಿ. ಬಾರಿಸಬೇಕಿದ್ದುದು ದಿನವೂ ನಾಲ್ಕೈದು ಗಂಟೆ. ವಾರಾಂತ್ಯದಲ್ಲಿ ಇನ್ನೂ ಹೆಚ್ಚು. ಕುಡಿದ ನಾವಿಕರ ಗದ್ದಲವನ್ನು ಮೀರಿ ಹಾಡು ಕೇಳಿಸಬೇಕು. ರಾಕ್ ಸಂಗೀತದ ಡ್ರಮ್ ವಾದಕನಿಗೆ ಎರಡು ಕೈ, ಎರಡು ಕಾಲು ಎಲ್ಲಕ್ಕೂ ಕೆಲಸ. ಬಲಗಾಲಿನಡಿಯ ಪೆಡಲು ದೊಡ್ಡ ಡ್ರಮ್ಮನ್ನು ಗುದ್ದುತ್ತದೆ, ಎಡಗಾಲು ಕಂಚಿನ ಜೋಡಿತಟ್ಟೆಗಳನ್ನು ಮುಚ್ಚಿ ತೆರೆಯುತ್ತದೆ. ಪೀಟ್ ಕಂಡುಕೊಂಡ ಉಪಾಯ ಸರಳ. ನಾಲ್ಕು ಎಣಿಕೆಯ ತಾಳದಲ್ಲಿ ಪ್ರತಿ ಎಣಿಕೆಗೂ ದೊಡ್ಡ ಡ್ರಮ್ಮನ್ನು ಗುದ್ದುವುದು. ನೆಲ ಅದುರುವಂಥ ಈ ಬಡಿತ ಲಿವರ್‌ಪೂಲಿಗೆ ಮರಳಿದಾಗ ‘ಆಟಂ ಬೀಟ್’ ಎನಿಸಿಕೊಂಡಿತು. ಕ್ಯಾವರ್ನ್ ಕ್ಲಬ್ಬಿನಲ್ಲಿ ಹುಡುಗಿಯರು ಪೀಟ್‌ನ ಹೆಸರು ಕೂಗಿ ಕಿರುಚುತ್ತಿದ್ದರು. ಆತ ನಗುತ್ತಿದ್ದುದು ಕಡಿಮೆ. ಅದೂ ಒಂದು ಆಕರ್ಷಣೆಯಾಗಿತ್ತು.

1961ರ ನವೆಂಬರ್‌ನಲ್ಲಿ ರೆಕಾರ್ಡು ಅಂಗಡಿಯ ಬ್ರಯಾನ್ ಎಪ್‌ಸ್ಟೈನ್ ತಂಡವನ್ನು ಕಂಡು, ಕೆಲಕಾಲದಲ್ಲೇ ಅದರ ಮ್ಯಾನೇಜರ್ ಆದ. 1962ರ ಹೊಸ ವರ್ಷದ ದಿನ ಡೆಕ್ಕಾ ಕಂಪನಿಯಲ್ಲಿ ನಡೆದ ಪರೀಕ್ಷೆ ವಿಫಲವಾಯಿತು. ಜೂನ್ 6ರಂದು ಇಎಂಐನ ಆಬಿ ರೋಡ್ ಸ್ಟುಡಿಯೋದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ತಂಡದ ನಾಲ್ಕು ಹಾಡು ಮುದ್ರಿಸಿಕೊಂಡ. ಅನಂತರ ಆತ ಎಪ್‌ಸ್ಟೈನ್‌ಗೆ ಒಂದು ಮಾತು ತಿಳಿಸಿದ: ವೇದಿಕೆಯಲ್ಲಿ ಯಾರು ಬೇಕಾದರೂ ಬಾರಿಸಲಿ, ರೆಕಾರ್ಡಿಗೆ ಮಾತ್ರ ತಾನು ಬೇರೆ ಡ್ರಮ್ಮರನ್ನು ಕರೆಸುವೆ. ಆ ಕಾಲದ ಸ್ಟುಡಿಯೋಗಳಲ್ಲಿ ಇದು ಮಾಮೂಲು. ಕ್ಲಬ್ಬಿನ ಗದ್ದಲದಲ್ಲಿ ಮುಚ್ಚಿಹೋಗುವ ತಾಳದ ತೊಡಕು ಮೈಕ್ರೋಫೋನಿನ ಮುಂದೆ ಎದ್ದು ಕೇಳಿಸುತ್ತದೆ. ಪೀಟ್‌ನನ್ನು ತಂಡದಿಂದಲೇ ತೆಗೆಯುವಂತೆ ತಾನು ಹೇಳಿರಲಿಲ್ಲ ಎಂದು ಮಾರ್ಟಿನ್ ಮುಂದೆ ಸ್ಪಷ್ಟಪಡಿಸಿದ. ಆದರೆ ಮಾತು ಬೇಕಾದವರ ಕಿವಿಗೆ ಬಿದ್ದಿತ್ತು.

ಆಗಸ್ಟ್ 15ರ ರಾತ್ರಿ ಪೀಟ್ ಎಂದಿನಂತೆ ಕ್ಯಾವರ್ನ್‌ನಲ್ಲಿ ಬಾರಿಸಿದ. ಮರುದಿನ ಬೆಳಿಗ್ಗೆ ಎಪ್‌ಸ್ಟೈನ್ ಕಚೇರಿಗೆ ಕರೆಸಿ, ಗೆಳೆಯರಿಗೆ ನೀನು ಬೇಡವಾಗಿದೆ, ಜಾಗಕ್ಕೆ ರಿಂಗೋ ಬರುತ್ತಾನೆ ಎಂಬರ್ಥದಲ್ಲಿ ತಿಳಿಸಿದ. ಎರಡು ವರ್ಷ ಜೊತೆಗೆ ಉಂಡು ಮಲಗಿದ ಮೂವರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಪೀಟ್‌ನನ್ನು ಕರೆತಂದು ಹೊರಗೆ ಕಾಯುತ್ತಿದ್ದವನು ತಂಡದ ವ್ಯಾನ್ ಓಡಿಸುತ್ತಿದ್ದ ಆಪ್ತಮಿತ್ರ ನೀಲ್ ಆಸ್ಪಿನಾಲ್. ಆತ ತಂಡದಲ್ಲೇ ಉಳಿದು, ಮುಂದೆ ಬೀಟಲ್ಸ್‌ರ ಆ್ಯಪಲ್ ಸಂಸ್ಥೆಯ ಮುಖ್ಯಸ್ಥನಾದ. ಸ್ಥಳೀಯ ಪತ್ರಿಕೆ ‘ಮರ್ಸಿ ಬೀಟ್’ನಲ್ಲಿ ಪೀಟ್ ಪರಸ್ಪರ ಒಪ್ಪಿಗೆಯಿಂದ ತಂಡ ಬಿಟ್ಟನೆಂದು ಸುದ್ದಿ ಬಂತು. ಅಭಿಮಾನಿಗಳು ನಂಬಲಿಲ್ಲ. ಕ್ಯಾವರ್ನ್‌ನಲ್ಲಿ ಘೋಷಣೆ ಕೂಗಿದರು. ನೂಕುನುಗ್ಗಲಿನಲ್ಲಿ ಹ್ಯಾರಿಸನ್‌ನ ಕಣ್ಣು ಊದಿಕೊಂಡಿತು.

ತೆಗೆದದ್ದೇಕೆ? ಪೀಟ್ ಬಹಳ ಸ್ಫುರದ್ರೂಪಿ, ಉಳಿದವರಿಗೆ ಅಸೂಯೆ ಎಂದವರುಂಟು. ಹ್ಯಾಂಬರ್ಗಿನಲ್ಲಿ ಎಲ್ಲರೂ ಕೂದಲನ್ನು ಹಣೆಗಿಳಿಸಿಕೊಂಡಾಗ ಪೀಟ್ ತನ್ನ ಹಳೆಯ ಕ್ರಾಪನ್ನೇ ಉಳಿಸಿಕೊಂಡ, ಮಾತು ಕಡಿಮೆ, ಹರಟೆಗೆ ಸೇರುತ್ತಿರಲಿಲ್ಲ ಎಂದವರುಂಟು. ಮೋನಾಳ ಯಜಮಾನಿಕೆ ಎಪ್‌ಸ್ಟೈನ್‌ಗೆ ಸರಿಬರಲಿಲ್ಲ ಎಂಬ ಮಾತೂ ಇದೆ. ಎಲ್ಲದರಲ್ಲೂ ಸ್ವಲ್ಪ ಹುರುಳಿರಬಹುದು. ಆದರೆ ಜೂನ್ 6ರ ಮುದ್ರಣದಲ್ಲಿ ‘ಲವ್ ಮಿ ಡೂ’ ಹಾಡನ್ನು ಕೇಳಿದರೆ ಮಾರ್ಟಿನ್ ಆಕ್ಷೇಪ ಸುಳ್ಳಲ್ಲ ಎಂಬುದು ಗೊತ್ತಾಗುತ್ತದೆ. ಹಾಡಿನ ನಡುವೆ ಪೀಟ್ ನಡೆ ಬದಲಿಸುತ್ತಾನೆ, ಲಯ ಜಾರುತ್ತದೆ. ಹಾಗೆಂದು ಅದಷ್ಟೇ ಕಾರಣವೆನ್ನಲೂ ಆಗದು. ಏಕೆಂದರೆ ಅದೇ ಹಾಡನ್ನು ಸೆಪ್ಟೆಂಬರ್ 4ರಂದು ರಿಂಗೋ ಬಾರಿಸಿದಾಗಲೂ ಸಮಾಧಾನವಾಗದೆ, 11ರಂದು ಆ್ಯಂಡಿ ವೈಟ್ ಎಂಬ ಬಾಡಿಗೆ ಡ್ರಮ್ಮರನ್ನು ಕೂರಿಸಿ, ರಿಂಗೋನ ಕೈಗೆ ಟ್ಯಾಂಬೊರಿನ್ ಕೊಡಲಾಯಿತು. ಆದರೂ ರಿಂಗೋನನ್ನು ಯಾರೂ ಮನೆಗೆ ಕಳಿಸಲಿಲ್ಲ. ಆತ ಹ್ಯಾಂಬರ್ಗಿನ ದಿನಗಳಿಂದ ಉಳಿದವರ ಗೆಳೆಯ. ಪೀಟ್ ಜೊತೆಗಾರ ಮಾತ್ರ. ವ್ಯತ್ಯಾಸ ಇಷ್ಟೇ ಎಂದು ತೋರುತ್ತದೆ. ಎದುರಿಗೆ ನಿಂತು ಹೇಳದೆ ಹೋದದ್ದು ಹೇಡಿತನವೆಂದು ಲೆನನ್ ಮುಂದೊಮ್ಮೆ ಒಪ್ಪಿಕೊಂಡ.

ಬೇರೆ ತಂಡಗಳಲ್ಲಿ ಪೀಟ್ ಪ್ರಯತ್ನ ಮುಂದುವರಿಸಿದ. 1965ರಲ್ಲಿ ‘ಬೆಸ್ಟ್ ಆಫ್ ದಿ ಬೀಟಲ್ಸ್’ ಎಂಬ ರೆಕಾರ್ಡು ಬಂತು. ಬೆಸ್ಟ್ ಎನ್ನುವುದು ಅವನ ಮನೆತನದ ಹೆಸರು ತಾನೆ! ಬೀಟಲ್ಸ್‌ರ ಉತ್ತಮ ಹಾಡುಗಳೆಂದು ಕೊಂಡವರು ಮೋಸಹೋದೆವೆಂದುಕೊಂಡರು. ಕಾಯಿಲೆ, ಮಾತ್ರೆಗಳ ವಿಚಾರವಾಗಿ ರಿಂಗೋ ಪತ್ರಿಕೆಯೊಂದಕ್ಕೆ ಹೇಳಿದ ಮಾತಿನ ಮೇಲೆ ಪೀಟ್ ಹೂಡಿದ ಮಾನನಷ್ಟ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಆ ವರ್ಷಗಳಲ್ಲಿ ಬದುಕೇ ಸಾಕೆನಿಸಿದ ಒಂದು ದಿನ ತಾಯಿ ಮತ್ತು ತಮ್ಮ ರೋರಿ ಅವನನ್ನು ಉಳಿಸಿಕೊಂಡರು. ಇದನ್ನು ಪೀಟ್ ತಾನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ.

ಅನಂತರ ಆತ ಡ್ರಮ್ ಬಿಟ್ಟ. ಬೇಕರಿಯೊಂದರಲ್ಲಿ ಬ್ರೆಡ್ಡು ಹೇರುವ ಕೆಲಸಕ್ಕೆ ಸೇರಿದ. ಆಮೇಲೆ ಸಿಕ್ಕಿದ್ದು ಲಿವರ್‌ಪೂಲಿನ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ನೌಕರಿ. ಕೆಲಸ ಕಳೆದುಕೊಂಡು ಬಂದವರ ಅರ್ಜಿ ನೋಡಿ ಮತ್ತೊಂದು ಕೆಲಸ ಹುಡುಕಿಕೊಡುವುದು. ಸುಮಾರು ಇಪ್ಪತ್ತು ವರ್ಷ ಪೀಟ್ ಆ ಮೇಜಿನ ಹಿಂದೆ ಕುಳಿತ. ಎರಡು ಹೆಣ್ಣುಮಕ್ಕಳನ್ನು ಬೆಳೆಸಿದ. 1988ರಲ್ಲಿ ಮತ್ತೆ ವೇದಿಕೆ ಹತ್ತಿದ; ಅದೇ ವರ್ಷ ಮೋನಾ ತೀರಿಕೊಂಡಳು.

1995ರ ನವೆಂಬರ್‌ನಲ್ಲಿ ಬೀಟಲ್ಸ್‌ರ ಹಳೆಯ ಮುದ್ರಣಗಳ ‘ಆಂಥಾಲಜಿ’ಯ ಮೊದಲ ಸಂಪುಟ ಹೊರಬಂತು. ಅದರಲ್ಲಿ ಹತ್ತು ಹಾಡುಗಳ ಡ್ರಮ್ ಪೀಟ್‌ನದು. ಮೂವತ್ತಮೂರು ವರ್ಷಗಳ ಅನಂತರ ರಾಯಲ್ಟಿ ಕೈಸೇರಿತು. ಅದು ಸಣ್ಣ ಮೊತ್ತವಾಗಿರಲಿಲ್ಲ. ಆದರೆ ಮುಖಪುಟದಲ್ಲಿದ್ದ ತಂಡದ ಹಳೆಯ ಚಿತ್ರದಲ್ಲಿ ಪೀಟ್‌ನ ತಲೆಯ ಭಾಗ ಹರಿದುಹೋಗಿ, ಆ ಕಿಂಡಿಯಲ್ಲಿ ರಿಂಗೋನ ಮುಖ ಕಾಣುತ್ತಿತ್ತು. 2008ರಲ್ಲಿ ಪೀಟ್ ತನ್ನದೇ ಆಲ್ಬಂ ತಂದ. ಹೆಸರು ‘ಹೇಮನ್ಸ್ ಗ್ರೀನ್’. ಅದರ ಮುಖಪುಟಕ್ಕೆ ಹಾಕಿದ್ದು ಆ ಹರಿದ ಚೂರನ್ನು. ಲಿವರ್‌ಪೂಲಿನ ರಸ್ತೆಯೊಂದಕ್ಕೆ 2011ರಲ್ಲಿ ಪೀಟ್ ಬೆಸ್ಟ್ ಹೆಸರಿಟ್ಟರು. 2025ರ ಏಪ್ರಿಲ್‌ನಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ಆತ ವೇದಿಕೆಯಿಂದ ನಿವೃತ್ತನಾದ. ಈ ಸಲ ತಾನಾಗಿಯೇ.