ಕಿಳ್ಳೇಕ್ಯಾತನ ಮೋರೆ

ಮುಂಗಾರು ತಡೆದು ಕೆರೆಯ ತಳ ಬಿರಿಯತೊಡಗಿದಾಗ ತೊಗಲುಗೊಂಬೆಯವರನ್ನು ಊರಿಗೆ ಬರಮಾಡಿಕೊಂಡು ಇರುಳೆಲ್ಲ ಆಟವಾಡಿಸುವ ವಾಡಿಕೆಯು ಕನ್ನಡನಾಡಿನ ಬಯಲುಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿತು. ರಾಮಾಯಣವನ್ನೋ ಭಾರತದ ಒಂದು ಪ್ರಸಂಗವನ್ನೋ ಆಡಿಸಿದರೆ ಮಳೆ ಬರುವದೆಂದು ಜನರ ನಂಬುಗೆ. ಬಯಲಿನಲ್ಲಿ ಗಳುಗಳನ್ನು ನೆಟ್ಟು, ಮೂರು ಮಗ್ಗುಲಿಗೆ ಕಂಬಳಿ ಕಟ್ಟಿ, ಮುಂದೆ ಬಿಳಿಯ ಅರಿವೆಯನ್ನು ಬಿಗಿದು, ಒಳಗೆ ಔಡಲೆಣ್ಣೆಯ ದೀಪವನ್ನಿಟ್ಟರೆ ರಂಗಭೂಮಿಯು ಸಿದ್ಧವಾಗುತ್ತಿತ್ತು. ಆಡಿನ ತೊಗಲನ್ನು ಹದಗೊಳಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಸಣ್ಣ ಉಳಿಯಿಂದ ಒಡವೆ ವಸ್ತ್ರಗಳ ಕುಸುರನ್ನು ಕೊರೆದು, ಬಣ್ಣ ಹಚ್ಚಿದ ಗೊಂಬೆಗಳು ದೀಪದ ಮುಂದೆ ಬಂದಾಗ ಬರಿಯ ನೆರಳಾಗಿರದೆ ಬಣ್ಣದ ಬೆಳಕೇ ಆಗಿ ಅರಿವೆಯ ಮೇಲೆ ಚಲಿಸುತ್ತಿದ್ದವು. ಸಿನೇಮಾ ಹುಟ್ಟುವದಕ್ಕೆ ಎಷ್ಟೋ ಮೊದಲೇ ಈ ನಾಡಿನ ಹಳ್ಳಿಗರು ಚಲಿಸುವ ಚಿತ್ರಗಳನ್ನು ನೋಡಿ ನಲಿದಿದ್ದರೆಂಬದು ಕೇವಲ ಅಭಿಮಾನದ ಮಾತಲ್ಲ.

ಗಣಪತಿಯ ಹಾಗೂ ಸರಸ್ವತಿಯ ಸ್ತುತಿಗಳು ಮುಗಿಯುತ್ತಲೇ ಪರದೆಯ ಮೇಲೆ ನೆಗೆದು ಬರುವವನು ಕಿಳ್ಳೇಕ್ಯಾತ. ಅವನ ಬೆನ್ನಿಗೆ ಅವನ ಹೆಂಡತಿ ಬಂಗಾರಕ್ಕ. ಕಾಡಿಗೆಯಂಥ ಮೈ, ಚಪ್ಪಟೆಯ ಮೂಗು, ದಪ್ಪ ತುಟಿ, ಗುಂಗುರು ಕೂದಲು, ಜೋಲುವ ಹೊಟ್ಟೆ. ಇಡಿಯ ರಾಜಸಭೆಯನ್ನೋ ರಥವನ್ನೋ ಒಂದೇ ತೊಗಲಿನಲ್ಲಿ ಕೊರೆದ ದೊಡ್ಡ ಗೊಂಬೆಗಳಲ್ಲಿ ರಾಜರೂ ಋಷಿಗಳೂ ಅಲುಗದೆ ಕುಳಿತಿರುವಾಗ, ಕೈಕಾಲುಗಳನ್ನು ಬೇರೆಬೇರೆ ಕತ್ತರಿಸಿ ದಾರದಿಂದ ಹೆಣೆದ ಈ ಪುಟ್ಟ ಗೊಂಬೆಯು ಮಾತ್ರ ಕುಣಿಯುವದು, ಲಾಗ ಹಾಕುವದು, ಹೆಂಡತಿಯೊಡನೆ ಜಗಳವಾಡುವದು. ರಾಮಲಕ್ಷ್ಮಣರು ಗ್ರಾಂಥಿಕ ಭಾಷೆಯಲ್ಲಿ ಮಾತಾಡಿದರೆ ಇವನದು ಅಪ್ಪಟ ಊರಮಾತು. ಅವನ ಹಾಸ್ಯದಲ್ಲಿ ಅಶ್ಲೀಲವು ಧಾರಾಳವಾಗಿತ್ತು. ಅದನ್ನು ಮುಚ್ಚಿಡುವದರಿಂದ ಪ್ರಯೋಜನವಿಲ್ಲ. ಆದರೂ ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂಡುತ್ತಿದ್ದುದು ಸೇತುಬಂಧಕ್ಕಲ್ಲ, ಕಿಳ್ಳೇಕ್ಯಾತನಿಗಾಗಿ.

ಇಂಥ ರಸಿಕತೆಯ ನಡುವೆ ಒಂದು ಕಹಿಯಾದ ಸಂಗತಿಯುಂಟು. ಈ ಗೊಂಬೆಗಳನ್ನು ಕೊರೆದು ಆಡಿಸುವ ಜನಾಂಗಕ್ಕೆ ಲೋಕವು ಇಟ್ಟ ಹೆಸರೂ ಕಿಳ್ಳೇಕ್ಯಾತರೆಂದೇ. ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನೂ ಪರದೆಯ ಹಿಂದೆ ಕನ್ನಡವನ್ನೂ ಆಡುತ್ತ, ಆಟವಿಲ್ಲದ ದಿನಗಳಲ್ಲಿ ಹೊಳೆಕೆರೆಗಳಲ್ಲಿ ಮೀನು ಹಿಡಿಯುತ್ತ ಊರೂರು ತಿರುಗಿದ ಇವರಿಗೆ ಉತ್ತರದ ಕಡೆಗೆ ಕಟಬರೆಂಬ ಹೆಸರೂ ಇದೆ. ಆದರೆ 1909ರಲ್ಲಿ ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ಅಧಿಕಾರಿಯು ದಕ್ಷಿಣ ಭಾರತದ ಜಾತಿಗಳನ್ನು ಕುರಿತು ಏಳು ಸಂಪುಟಗಳನ್ನು ಪ್ರಕಟಿಸಿದಾಗ, ಜನಾಂಗದ ಹೆಸರಾಗಿ ಅಚ್ಚಾದದ್ದು ವಿದೂಷಕ ಗೊಂಬೆಯ ಹೆಸರೇ. ಪರದೆಯ ಮೇಲೆ ರಾಮನೂ ಇದ್ದನು, ಹನುಮಂತನೂ ಇದ್ದನು. ಅವನ್ನೆಲ್ಲ ಅದೇ ಕೈಗಳೇ ಆಡಿಸಿದವು. ಲೋಕವು ಆ ಕೈಗಳಿಗೆ ರಾಮನ ಹೆಸರನ್ನು ಕೊಡಲಿಲ್ಲ. ಅಷ್ಟಕ್ಕೇ ನಿಲ್ಲದೆ ಈ ಶಬ್ದವು ಪರದೆಯಿಂದಿಳಿದು ಬೀದಿಗೂ ಬಂದಿತು. ಚೇಷ್ಟೆಗಾರನನ್ನೂ ವಿಕಾರವಾದ ಮೋರೆಯವನನ್ನೂ ಹೀಯಾಳಿಸುವ ಬೈಗಳಾಯಿತು. ಒಬ್ಬನ ಕುಲದ ಹೆಸರು ಇನ್ನೊಬ್ಬನಿಗೆ ಬೈಗಳಾಗುವದಕ್ಕಿಂತ ದೊಡ್ಡ ಅಪಮಾನವಾವದು?

ಕಪ್ಪುಮೈಯು ನಗೆಗೆ ಗುರಿಯಾದದ್ದು ಎಂದಿನಿಂದ? ಭರತನ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯದ ಪ್ರಕರಣವು ಯಾವ ಪಾತ್ರಕ್ಕೆ ಯಾವ ಬಣ್ಣವೆಂಬದನ್ನು ವಿಧಿಸುತ್ತದೆ. ಶಕ, ಯವನ, ಪಹ್ಲವ, ಬಾಹ್ಲಿಕರು ಗೌರವರ್ಣದವರು. ಬ್ರಾಹ್ಮಣ ಕ್ಷತ್ರಿಯರೂ ಹಾಗೆಯೇ. ವೈಶ್ಯ ಶೂದ್ರರು ಶ್ಯಾಮರು. ಕಿರಾತ, ಬರ್ಬರ, ಆಂಧ್ರ, ದ್ರಮಿಡ, ಪುಲಿಂದರೊಡನೆ ದಾಕ್ಷಿಣಾತ್ಯರೆಲ್ಲರೂ ಪ್ರಾಯಶಃ ಅಸಿತರು, ಎಂದರೆ ಕಪ್ಪಿನವರು. ದಾಕ್ಷಿಣಾತ್ಯರಲ್ಲಿ ಕನ್ನಡಿಗರೂ ಸೇರಿದರಷ್ಟೆ. ದಕ್ಷಿಣದ ಪಂಡಿತರು ಈ ಶ್ಲೋಕಗಳನ್ನು ಬಾಯಿಪಾಠ ಮಾಡುವಾಗ ತಮ್ಮ ಮುಂಗೈಯನ್ನೊಮ್ಮೆ ನೋಡಿಕೊಂಡರೋ ಇಲ್ಲವೋ! ಆದರೆ ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಅದೇ ಶಾಸ್ತ್ರವು ವಿದೂಷಕನನ್ನು ಕುಳ್ಳನೂ ಹಲ್ಲುಬ್ಬನೂ ಗೂನನೂ ಬೋಳುತಲೆಯವನೂ ಆಗಿ ವರ್ಣಿಸುವಾಗ ಅವನು ದ್ವಿಜನೆಂದೂ ಹೇಳುತ್ತದೆ. ಸಂಸ್ಕೃತ ನಾಟಕದ ನಗೆಯು ಆಸ್ಥಾನಕ್ಕೆ ಹತ್ತಿರದವನಾದ ತಿಂಡಿಪೋತ ಬ್ರಾಹ್ಮಣನ ಮೇಲೆ ಬಿದ್ದಿತು. ಅದರಿಂದ ಅವನ ಕುಲಕ್ಕೆ ಯಾವ ಹಾನಿಯೂ ಆಗಲಿಲ್ಲ, ಯಾರೂ ಬ್ರಾಹ್ಮಣರನ್ನು ವಿದೂಷಕಜಾತಿಯೆಂದು ಕರೆಯಲಿಲ್ಲ. ಹಳ್ಳಿಯ ಪರದೆಯಲ್ಲಿ ಅದೇ ನಗೆಯು ನೆಲೆಯಿಲ್ಲದ ಬಡವನ ಮೇಲೆ ಬಿದ್ದು, ಅಲ್ಲಿಯೇ ಅಂಟಿಕೊಂಡಿತು. ವಿಕಾರವೇಷವು ಎರಡು ಕಡೆಯಲ್ಲಿಯೂ ಒಂದೇ. ತೆತ್ತ ಬೆಲೆ ಬೇರೆ. ಶ್ಯಾಮಲಾಂಗನೆಂದು ಕೊಂಡಾಡಿದ ರಾಮನಿಗೆ ಗೊಂಬೆಯಾಟದಲ್ಲಿ ನೀಲಿಯನ್ನೋ ಹಸುರನ್ನೋ ಹಚ್ಚಿ, ನಿಜವಾದ ಕಪ್ಪನ್ನು ಕಿಳ್ಳೇಕ್ಯಾತನಿಗೆ ಉಳಿಸಿದ ಮರ್ಮವನ್ನೂ ವಾಚಕರು ಊಹಿಸಬಹುದು.

ಇದು ಗತಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಹುಬ್ಬಳ್ಳಿ ಧಾರವಾಡಗಳ ನಡುವೆ ಹೆದ್ದಾರಿಯ ಮೇಲಿರುವ ಬೈರಿದೇವರಕೊಪ್ಪವು ಈಗ ಮಹಾನಗರದಲ್ಲಿ ಸೇರಿಹೋಗಿದೆ. ಅಂಥ ಊರುಗಳ ಮನೆಮನೆಯಲ್ಲಿ ಬಯಲಿನ ಪರದೆಯ ಸ್ಥಾನವನ್ನು ಟೀವಿಯು ಹಿಡಿದು, ಮಕ್ಕಳು ಅಮೇರಿಕೆಯ ಹಳೆಯ ಬೆಕ್ಕು ಇಲಿಗಳ ಕಾರ್ಟೂನನ್ನು ನೋಡಿ ನಕ್ಕಿದ್ದಾರೆ, ಹಿರಿಯರೂ ನಕ್ಕಿದ್ದಾರೆ. ಆ ‘ಟಾಮ್ ಮತ್ತು ಜೆರ್ರಿ’ಯಲ್ಲಿ 1940ರಿಂದ 1952ರ ವರೆಗೆ ಬೆಕ್ಕನ್ನು ಗದರಿಸುವ ಕಪ್ಪುಹೆಂಗಸೊಬ್ಬಳು ಬರುವಳು, ಅವಳ ಕಾಲು ಕಂಡೀತೇ ಹೊರತು ಮುಖ ಕಾಣುವದು ಅಪರೂಪ. ಮದ್ದು ಸಿಡಿದು ಬೆಕ್ಕಿನ ಮೋರೆ ಮಸಿಯಾದೊಡನೆ ಅದನ್ನು ನೀಗ್ರೋ ಜನರ ಅಣಕವಾಗಿ ಚಿತ್ರಿಸುವದು ಆ ಕಾಲದ ಮಾಮೂಲು ಹಾಸ್ಯ. ಡಿಸ್ನಿಯ 1941ರ ‘ಡಂಬೋ’ದಲ್ಲಿ ಕಾಗೆಗಳ ನಾಯಕನಿಗಿಟ್ಟ ಹೆಸರು ಜಿಮ್ ಕ್ರೋ; ಅದು ಆ ದೇಶದಲ್ಲಿ ಕಪ್ಪುಜನರನ್ನು ಬೇರ್ಪಡಿಸಿಟ್ಟ ಕಾಯದೆಗಳ ಅಡ್ಡಹೆಸರೇ ಆಗಿತ್ತು.

ಅಮೇರಿಕೆಯವರು ಇದಕ್ಕೆ ಹಲವು ಉಪಾಯಗಳನ್ನು ಹೂಡಿದರು. 1968ರಲ್ಲಿ ವಾರ್ನರ್ ಸಂಸ್ಥೆಯ ಹನ್ನೊಂದು ಚಿತ್ರಗಳನ್ನು ಪ್ರಸಾರದಿಂದ ಹಿಂದೆಗೆದುಕೊಳ್ಳಲಾಯಿತು. 1940ರ ‘ಫ್ಯಾಂಟೇಸಿಯಾ’ದಲ್ಲಿ ಬಿಳಿಯ ಕಿನ್ನರಿಯರ ಗೊರಸುಗಳಿಗೆ ಪಾಲಿಶು ಹಚ್ಚುವ ಕಪ್ಪು ಕಿನ್ನರಿಯನ್ನು 1969ರ ಮರುಬಿಡುಗಡೆಯಲ್ಲಿ ಕತ್ತರಿಸಲಾಯಿತು. 2020ರಲ್ಲಿ ಡಿಸ್ನಿ ಸಂಸ್ಥೆಯು, ಹಿಂದೆಯೂ ಇದು ತಪ್ಪೇ ಆಗಿತ್ತು, ಇಂದೂ ತಪ್ಪೇ ಎಂಬರ್ಥದ ಸೂಚನೆಯನ್ನು ಕೆಲವು ಚಿತ್ರಗಳ ಮೊದಲಲ್ಲಿ ಇಟ್ಟಿತು. ಇವುಗಳಲ್ಲಿ ಕೊನೆಯದೇ ಹೆಚ್ಚು ಪ್ರಾಮಾಣಿಕವಾದದ್ದು. ಕತ್ತರಿಸಿದವರು ಚಿತ್ರವನ್ನು ಶುದ್ಧಿಮಾಡಿದಂತೆ ಕಂಡರೂ ತಮ್ಮ ತಾತಂದಿರು ಏನನ್ನು ಕಂಡು ನಕ್ಕರೆಂಬ ಸಾಕ್ಷ್ಯವನ್ನೇ ಅಳಿಸಿದರು.

ಆದರೆ ಆ ಮದ್ದು ಕಿಳ್ಳೇಕ್ಯಾತನಿಗೆ ಹಾಗೆಯೇ ಹೊಂದುವದಿಲ್ಲ. ಕಪ್ಪುಜನರ ಅಣಕವನ್ನು ಆ ಚಿತ್ರಶಾಲೆಗಳಲ್ಲಿ ಬರೆದವರು ಬಿಳಿಯರು. ಅಣಕಕ್ಕೆ ಈಡಾದವರಿಗೆ ಕುಂಚವು ಸಿಕ್ಕಿರಲಿಲ್ಲ. ಇಲ್ಲಿಯಾದರೋ ಉಳಿಯೂ ತೊಗಲೂ ಮಾತೂ ಅಣಕಿಸಲ್ಪಟ್ಟವರ ಕೈಯಲ್ಲಿಯೇ ಇದ್ದವು. ಆ ಮಾತನ್ನು ಮರೆಯಬಾರದು. ಕಿಳ್ಳೇಕ್ಯಾತನು ರಾವಣನ ಒಡ್ಡೋಲಗಕ್ಕೆ ನುಗ್ಗಿ ಹರಟುವನು, ಊರ ಗೌಡ ಶಾನಭೋಗರನ್ನು ಅವರೆದುರಿಗೇ ಕೆಣಕುವನು. ಹಗಲಿನಲ್ಲಿ ಅದನ್ನಾಡಿದವನಿಗೆ ಊರಲ್ಲಿ ನೆಲೆಯಿರುತ್ತಿರಲಿಲ್ಲ. ಇರುಳಿನಲ್ಲಿ ಗೊಂಬೆಯ ಬಾಯಿಂದ ಬಂದಾಗ ಗೌಡನೂ ನಕ್ಕು ಜೋಳವನ್ನು ಅಳೆಯಿಸಬೇಕಾಗುತ್ತಿತ್ತು. ಜಾವಾ ದ್ವೀಪದ ತೊಗಲುಗೊಂಬೆಯಾಟದಲ್ಲಿ ಪಾಂಡವರ ಸೇವಕನಾದ ಸೆಮಾರನೂ ಹೀಗೆಯೇ ಡೊಳ್ಳುಹೊಟ್ಟೆಯ ಕುರೂಪಿ. ಆದರೆ ಅವನು ಮಾರುವೇಷದ ದೇವರೆಂದು ಅಲ್ಲಿಯ ಜನರು ನಂಬಿ ಆ ಗೊಂಬೆಯನ್ನು ಪೂಜ್ಯಭಾವದಿಂದ ಕಾಣುತ್ತಾರೆ. ಕುರೂಪವು ತಾನಾಗಿ ಅಪಮಾನವಲ್ಲವೆಂಬದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕನ್ನಡಿಗರು ಅದೇ ವಿದೂಷಕನನ್ನು ನೋಡಿ ನಕ್ಕರು, ಅವನ ಮಾತಿಗೆ ತಲೆದೂಗಿದರು, ಬೆಳಗಾದ ಮೇಲೆ ಅವನನ್ನು ಆಡಿಸಿದವನನ್ನು ಊರ ಹೊರಗೆ ಬಿಡಾರ ಹೂಡಗೊಟ್ಟರು.

ಹೀಗಿರಲು ಈಗಿನ ರೂಢಿಯೊಂದು ಚಿಂತೆಗೆ ಎಡೆಗೊಡುತ್ತದೆ. ಇರುಳಿಡೀ ನಡೆಯುತ್ತಿದ್ದ ಆಟವು ಉತ್ಸವಗಳ ವೇದಿಕೆಯಲ್ಲಿ ಒಂದು ತಾಸಿಗೆ ಇಳಿದಿದೆ. ಕಾಲದ ಅಭಾವಕ್ಕೆ ಮೊದಲು ಬಲಿಯಾಗುವದು ವಿದೂಷಕನ ಹರಟೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಎಂ. ಎಸ್. ನಂಜುಂಡರಾಯರು ತೊಗಲುಗೊಂಬೆಗಳನ್ನು ಅರಸಿ ಕೂಡಿಹಾಕಿದ್ದು ಮಹದುಪಕಾರವೇ ಸರಿ. ಇಲ್ಲದಿದ್ದರೆ ಎಷ್ಟೋ ಗೊಂಬೆಗಳು ಗೆದ್ದಲ ಪಾಲಾಗುತ್ತಿದ್ದವು. ಆದರೆ ಗೋಡೆಗೆ ತೂಗಿದ ಗೊಂಬೆಯಲ್ಲಿ ದಪ್ಪ ತುಟಿಯುಂಟು, ಮಾತಿಲ್ಲ. ಮೋರೆಯನ್ನು ಉಳಿಸಿ ನಾಲಗೆಯನ್ನು ಕಳೆದರೆ ಉಳಿಯುವದು ಅಪಮಾನವೊಂದೇ. ಅದಕ್ಕೆ ಅವನೇ ಕೊಡುತ್ತಿದ್ದ ಉತ್ತರವು ಹೋಗಿಬಿಡುವದು.

ಆ ಜನಾಂಗದವರು ಮಾತ್ರ ಉಳಿಯನ್ನು ಕೆಳಗಿಟ್ಟಿಲ್ಲ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೊಗಲಿನ ಮೇಲೆ ತಂದರು. ಹೆಸರಿನ ವಿಷಯದಲ್ಲಿ ಅವರೆಲ್ಲರ ದಾರಿ ಒಂದೇ ಅಲ್ಲ. ಕೆಲವರು ಅದನ್ನು ಬಿಟ್ಟಿದ್ದಾರೆ, ಕೆಲವರು ಶಿಳ್ಳೇಕ್ಯಾತರೆಂದು ಬರೆದುಕೊಳ್ಳುತ್ತಾರೆ, ಸರಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೂ ಅದು ಸಿಳ್ಳೇಕ್ಯಾತವೆಂದು ಇದೆ. 2025ರಲ್ಲಿ ಭಾರತ ಸರಕಾರವು ಕೊಪ್ಪಳ ಜಿಲ್ಲೆಯ ಮೋರನಾಳದ ವೃದ್ಧ ಕಲಾವಿದೆಯೊಬ್ಬರಿಗೆ ಪದ್ಮಶ್ರೀಯನ್ನು ಕೊಟ್ಟಿತು. ತೊಂಬತ್ತು ದಾಟಿದ ಆ ತಾಯಿಯ ಹೆಸರು ದಿಲ್ಲಿಯ ಪಟ್ಟಿಯಲ್ಲಿ ಅಚ್ಚಾದದ್ದು ಹೀಗೆ: ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ.